ಪಟ್ಟಿಗೆ ಕತ್ತರಿ ಇಲ್ಲ

ಇಪ್ಪತ್ತೆರಡು ವರ್ಷದಾಗ ಮೊದಲನೇ ಸಲ
ಗಿರಾಕಿಗೆ ಒಲ್ಲೆ ಅಂದೆ.

ಆಳಂದ ನಾಕಾದ ನನ್ನ ಅಂಗಡಿ ಮುಂದ
ಕಾರು ನಿಲ್ಲಿಸಿ, ಬಾಗಿಲ ತೆಗೆದು,
ಸೀಟಿನ ಪಟ್ಟಿ ಜಗ್ಗಿ ತೋರಿಸಿದ:
"ಮಗನ ಕುತಗಿಗೆ ಉಜ್ಜತದ ನೋಡ್ರಿ ಮಾಸ್ತರ್,
ಇಲ್ಲೊಂದು ಮಡಚಿ ಹೊಲಿಗಿ ಹಾಕ್ರಿ, ಕೆಳಗ ಇಳೀಲಿ."

ಬಸುರಿಯರ ಜಂಪರ ಬಿಚ್ಚಿ ಅಗಲ ಮಾಡೀನಿ,
ಸತ್ತವರ ಕೋಟು ಮೊಮ್ಮಗನ ಮೈಗೆ ಕೂಡಿಸೀನಿ,
ಹವಾಲ್ದಾರನ ಹೊಟ್ಟಿ ಬೆಳದಂಗೆಲ್ಲ
ಖಾಕಿ ಬಿಟ್ಟು ಕೊಟ್ಟೀನಿ.
ಈ ಪಟ್ಟಿಗೆ ಮಾತ್ರ ಸೂಜಿ ಏರಲಿಲ್ಲ.
ದೊಡ್ಡವರ ಅಳತಿಗೆ ನೇದದ್ದು ಇದು,
ಮಡಚಿ ಹೊಲದರ ಬೇಕಾದ ಹೊತ್ತಿಗೆ ಕೈ ಕೊಡತದ.
ಪಟ್ಟಿ ಸಣ್ಣದು ಮಾಡಬ್ಯಾಡ್ರಿ, ಹುಡುಗನ್ನ ಎತ್ತರ ಮಾಡ್ರಿ ಅಂದೆ.

ಇದು ನನ್ನ ಶ್ಯಾಣೆತನ ಅಲ್ಲ, ಉಜ್ವಲಾ ಕಲಿಸಿದ್ದು.
ದೊಡ್ಡ ದವಾಖಾನಿ ಎಲುಬಿನ ವಾರ್ಡಿನಾಗ ಆಕಿದು ರಾತ್ರಿ ಪಾಳಿ.
ಏನೇನು ನೋಡ್ಯಾಳೋ, ಮನಿಗೆ ಬಂದು ಹೇಳಂಗಿಲ್ಲ.
ಕಾರು ತಂದ ದಿನ, ಗಾಲಿ ಕೆಳಗ ಲಿಂಬಿಹಣ್ಣು ಇಡೂಕಿಂತ ಮೊದಲ
ಕೂಸಿನ ಸೀಟು ಬಿಗಿದಳು,
ಹಿಂದಕ್ಕ ಮುಖ ಮಾಡಿ.

ಆಯಿ ಸಿಟ್ಟಾದಳು:
"ಹಾದಿಗೆ ಬೆನ್ನು ಮಾಡಿ ಕೂಡಿಸೀರೇನ?
ನನ್ನ ತೊಡಿ ಏನು ಸವದು ಹೋಗ್ಯಾವೇನು?"

ಮುಕ್ತಾ ಎರಡು ದಾಟಿದರೂ, ಮೂರು ಹತ್ತಿರ ಬಂದರೂ
ಹಿಂದ ಸರಿಯೋ ಊರಷ್ಟೇ ನೋಡಿದಳು.
ಮೊದಲ ದೊಡ್ಡ ಎಮ್ಮಿ,
ಆಮ್ಯಾಲ ಅದೇ ಎಮ್ಮಿ, ಸಣ್ಣದು, ಇನ್ನೂ ಸಣ್ಣದು.
ಕಾಲು ಮಡಚಿ ಕೂತಾಕಿಗೆ ತಕರಾರಿರಲಿಲ್ಲ, ನಮಗೇ ಇತ್ತು.
ನೆತ್ತಿ ಸೀಟಿನ ಅಂಚಿಗೆ ಬಂದ ಮ್ಯಾಲ ಮುಂದಕ್ಕ ತಿರುಗಿಸಿದೆವು.
ಹುಮನಾಬಾದ ರಸ್ತೆದಾಗ ಲಾರಿ ಕಂಡು ಅತ್ತಳು.
ಅಲ್ಲೀತನಕ ಎಲ್ಲಾ ಹೋಗತಿದ್ದವು,
ಈಗ ಬರಲಾಕತ್ತಾವ.

ಮೊನ್ನೆ ಸಾಲಿ ಗೆಳತಿ ನಕ್ಕಳಂತ, "ಅಯ್ಯ, ಕೂಸಿನ ಕುರ್ಚಿ!"
"ನನಗ ಆರು ಮುಗದಾವ, ಇನ್ನ ಬರೀ ಪಟ್ಟಿ ಸಾಕು."
ಖರೆ, ಹೆಗಲು ಮ್ಯಾಲಿನ ತೂತು ದಾಟ್ಯಾವ.
ಆದರ ವರ್ಷ ಕೇಳಿ ಅಂಗಿ ಹೊಲಿಯಂಗಿಲ್ಲ ಮಗಳ,
ಅಂದು ಕೊರಳಾಗಿನ ಟೇಪು ತೆಗೆದೆ.
ಶಹಾಬಾದ ಫರ್ಸಿ ಮ್ಯಾಲ ಬರಿಗಾಲು:
ಮೂರು ಫೂಟು ಹತ್ತಿಂಚು.
ನಿಮ್ಮವ್ವ ಕೇಳೂದು ನಾಕು ಒಂಬತ್ತು.
"ಹನ್ನೊಂದಿಂಚು!" ಗಿರಾಕಿ ಗತೆ ಚೌಕಾಶಿಗೆ ಇಳದಳು,
"ಎರಡಿಂಚರ ಬಿಡ್ರಿ."

ಬರೀ ಸೀಟಿನ ಮ್ಯಾಲ ಕೂಡಿಸಿ ತೋರಿಸಿದೆ.
ಬೆನ್ನು ಹಚ್ಚಿದರ ಮೊಣಕಾಲು ಮಡಚಂಗಿಲ್ಲ,
ಮೊಣಕಾಲು ಮಡಚಿದರ ಬೆನ್ನು ಜಾರತದ,
ಪಟ್ಟಿ ಹೊಟ್ಟಿ ಏರಿ ಕುಂಡರತದ.
ಕೆಳಗ ಬೂಸ್ಟರ್ ಇಟ್ಟೆ.
ಟೊಂಕದ ಎಲುಬಿನ ಮ್ಯಾಲ ಒಂದು, ಹೆಗಲ ನಟ್ಟನಡುವ ಒಂದು.
ಟ್ರಯಲ್ ರೂಮಿನಾಗ ಮಂದಿ ಕನ್ನಡಿ ಮುಂದ ಸುಮ್ಮನಾಗತಾರಲ್ಲ,
ಹಂಗ ಸುಮ್ಮನಾದಳು.
ಆಮ್ಯಾಲ: "ಅಪ್ಪಾ, ಇಲ್ಲಿಂದ ಕಿಲ್ಲಾದ ಗ್ವಾಡಿ ಕಾಣತದ."

ಇಷ್ಟೆಲ್ಲ ಆ ಗಿರಾಕಿಗೆ ಹೇಳಬೇಕಂತ ಬಾಯಿ ತೆಗೆದಿದ್ದೆ.
"ಒಂದು ಹೊಲಿಗಿಗೆ ಇಷ್ಟು ಭಾಷಣ ಏನ್ರಿ?"
ಅಂದು ಬಾಗಿಲ ಬಡದು ಹೋದ.
ಹಿಂದಿನ ಕಾಜಿನಾಗ ಹುಡುಗ,
ಪಟ್ಟಿ ಬಗಲಾಗ ಸಿಗಿಸಿಕೊಂಡು,
ನನಗ ಕೈ ಮಾಡಿದ.

ಸಂಜಿತನಕ
ಒಂದು ಹೊಲಿಗಿನೂ ನೆಟ್ಟಗ ಬೀಳಲಿಲ್ಲ.