ಬಾಕಿ

ಚಿಕ್ಕಪೇಟೆಯ ಗಣಪತ್‌ಸಾ ಕೊಡಬೇಕಿದ್ದದ್ದು
ನಾಲ್ಕು ಸಾವಿರದ ಇನ್ನೂರು.
ಎರಡು ಸಾವಿರ ಎಣಿಸಿದ. ಮಿಕ್ಕಿದ್ದಕ್ಕೆ
ಒಂದು ರಟ್ಟಿನ ಡಬ್ಬಿ ಕೊಟ್ಟ.
ಡಬ್ಬಿ ಕೂಗುತ್ತಿತ್ತು.
"ಜಾತಿ ಬೆಕ್ಕು ಭಾಯ್, ಹೊರಗೆ ಎಂಟು ಸಾವಿರ."
ಇವರು ನಂಬಿದರು. ಇವರು ಎಲ್ಲರನ್ನೂ ನಂಬುತ್ತಾರೆ.

ಶಿಡ್ಲಘಟ್ಟ ಬರುವವರೆಗೂ
ಬಸ್ಸು ತುಂಬ ಕೂಗಿತಂತೆ.
ಕಂಡಕ್ಟರು ತೋಳು ತಟ್ಟಿ ಹೇಳಿದ ಮೇಲೆಯೇ
ಇವರಿಗೆ ಗೊತ್ತಾದದ್ದು.
ಇಪ್ಪತ್ತೆರಡು ವರ್ಷ ಹುರಿ ಮಿಷನ್ನಿನ ಪಕ್ಕ ನಿಂತ ಕಿವಿ.

ಮೈಯೆಲ್ಲ ಬಣ್ಣ ಕಾಣದ ರೇಷ್ಮೆ;
ಮೂತಿ, ಕಿವಿ, ಬಾಲ, ನಾಲ್ಕು ಪಾದ ಮಾತ್ರ
ಯಾರೋ ಡಿಕಾಕ್ಷನ್ನಿಗೆ ಅದ್ದಿ ತೆಗೆದಂತೆ.
ಕಣ್ಣು, ಗ್ಯಾಸ್ ಒಲೆ ಸಣ್ಣಗಿಟ್ಟಾಗಿನ ನೀಲಿ.
ಕೋರಾ ಅಂತ ಕರೆದೆ.

ಹಾಲು ಸಾಲದೇನೋ ಅಂದುಕೊಂಡೆ. ಹಾಲಲ್ಲ.
ಮೀನಿನ ತಲೆ ಬೇಯಿಸಿ ಹಾಕಿದೆ. ಮೀನೂ ಅಲ್ಲ.
ಸಾಲದಿದ್ದದ್ದು ನಾನು.

ಬಚ್ಚಲ ಬಾಗಿಲು ಹಾಕಿದರೆ ಹೊರಗೆ ರಂಪ.
ನಮಾಜಿಗೆ ಬಗ್ಗಿದರೆ ಬೆನ್ನ ಮೇಲೆ ಸವಾರಿ.
ಬೆಳಗಿನ ಜಾವ ನಾಲ್ಕಕ್ಕೆ ಎದೆ ಮೇಲೆ ಕೂತು
ಸಾಲ ಕೊಟ್ಟವನ ಹಾಗೆ ಮುಖ ನೋಡುತ್ತದೆ.
ಓಣಿಯಾಚೆಯಿಂದ ಅಕ್ಕಾಯಮ್ಮ ಕೇಳಿದಳು:
"ಯಾರ ಮನೆ ಕೂಸಮ್ಮ ಹಂಗೆ ಅಳ್ತಿರೋದು,
ಎತ್ಕೊಳೋಕೆ ಯಾರಿಗೂ ಪುರುಸೊತ್ತಿಲ್ವಾ?"

ಹೋದ ಶುಕ್ರವಾರ ಮಿಷನ್ನಿನ ಮೇಲೆ ಹಾರಿತು.
ಮೂವತ್ತೆಂಟು ಎಳೆ ಕಡಿದವು.
ಸಂಜೆಯವರೆಗೆ ಬೆರಳಿಗೆ ಎಂಜಲು ಹಚ್ಚಿ ಗಂಟು ಹಾಕುತ್ತ ಕೂತೆ,
ಅದು ಕಾಲ ಬಳಿ ಕೂಗುತ್ತ ಕೂತಿತು.
ಬೈದೆ. ನಮ್ಮಮ್ಮ ನನ್ನನ್ನು ಬೈಯುತ್ತಿದ್ದ ಮಾತುಗಳೇ
ಸಾಲಾಗಿ ಬಂದವು, ಒಂದೂ ಮರೆತಿರಲಿಲ್ಲ.
ಒಂದು ಏಟೂ ಹಾಕಿದೆ.
ಅದು ಓಡಿಹೋಗಲಿಲ್ಲ.
ಇನ್ನಷ್ಟು ಹತ್ತಿರ ಬಂತು.

ಆ ರಾತ್ರಿಯೇ ಚಿಂತಾಮಣಿಗೆ ಫೋನು ಮಾಡಿದೆ.
ವನಜಾಕ್ಷಿ ಟೀಚರಿಗೆ ನೌಕರಿ ಮುಗಿದಿದೆ,
ಹೆಂಚಿನ ಮನೆ, ಇನ್ನೊಂದು ಬೆಕ್ಕಿದೆ,
ಮಧ್ಯಾಹ್ನವೆಲ್ಲ ಖಾಲಿ ಮಡಿಲು.
"ಮಾತಾಡೋ ಬೆಕ್ಕಾ? ಕರ್ಕೊಂಡ್ ಬಾಮ್ಮ,
ಮೂವತ್ತು ವರ್ಷ ಪಾಠ ಮಾಡಿದೀನಿ, ನಾನೂ ಮಾತಾಡ್ತೀನಿ."

ಗೂಡು ತರುವ ಮಂಕರಿಯನ್ನು ತೊಳೆದು ಒಣಗಿಸಿದೆ.
ಹಳೆಯ ದುಪಟ್ಟಾ ಹಾಸಿದೆ.
ಎಂಟು ಗಂಟೆ ಬಸ್ಸು, ಭಾನುವಾರ.
ಇವರಿಗೆ ಕೂಗಿ ಹೇಳಿದೆ. ಇವರು ಅಂದರು:
"ಯಾಕೆ? ಏನು ತೊಂದರೆ ಕೊಡುತ್ತೆ ಪಾಪ,
ಬಾಯಿ ತೆಗೆದು ಮುಚ್ಚುತ್ತೆ, ಅಷ್ಟೇ ತಾನೇ?"

ನಿನ್ನೆ ಶನಿವಾರ. ರಾತ್ರಿ ಕರೆಂಟು ಹೋಯಿತು.
ಮಿಷನ್ನು ನಿಲ್ಲಲು ಯಾವಾಗಲೂ ಸ್ವಲ್ಪ ಹೊತ್ತು ಬೇಕು,
ಜಗಳದ ಕೊನೆಯ ಮಾತಿನ ಹಾಗೆ.
ಅದು ನಿಂತ ಮೇಲೆ ಕೋರಾ ಒಮ್ಮೆ ಕಿರುಚಿ
ತನ್ನ ದನಿಗೆ ತಾನೇ ಬೆಚ್ಚಿತು.
ಆಮೇಲೆ ಕತ್ತಲಲ್ಲಿ ಇಷ್ಟೇ ಇಷ್ಟು: ಮ್ರ್.
ಇದ್ದೀಯಾ, ಅಂತ ಇರಬೇಕು.
ಇದ್ದೀನಿ ಅಂದೆ.
ಸುಮ್ಮನಾಯಿತು.

ಇಷ್ಟು ದಿನ ಅದು ಕೂಗಿದ್ದು ನನ್ನ ಮೇಲಲ್ಲ,
ಮಿಷನ್ನಿನಾಚೆಗೆ.
ಈ ಮನೆಯಲ್ಲಿ ನಾವಿಬ್ಬರೂ ಮಾತಾಡುವುದು ಹಾಗೆಯೇ,
ಉಪ್ಪು ಕೊಡಿ ಅನ್ನುವುದೂ ಒಂದು ಕೂಗು.

ಚಿಂತಾಮಣಿಯಲ್ಲಿ ಮಿಷನ್ನಿಲ್ಲ.
ಅಲ್ಲಿ ಅದು ಇಷ್ಟೇ ಮೆಲ್ಲಗೆ ಬದುಕಬಹುದು.
ಒಳ್ಳೆಯದೇ ಅಂತ ಗೊತ್ತಿದ್ದೂ
ಟೀಚರ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಇವರು ತಡಕಾಡುತ್ತ ಬಂದು ಪಕ್ಕ ಕೂತರು.
ಕೋರಾದ ಪಕ್ಕೆಯ ಮೇಲೆ ಅಂಗೈ ಇಟ್ಟು,
ಸುತ್ತುವ ಕದಿರಿನ ಬಿಸಿ ನೋಡುವವರ ಹಾಗೆ
ತುಂಬ ಹೊತ್ತು ಹಾಗೇ ಇದ್ದು,
"ಈಗ ಏನೋ ಹೇಳ್ತಿದೆ," ಅಂದರು, "ಏನಂತೆ?"

ನಾನು ಹೇಳತೊಡಗಿದೆ.
ಅಷ್ಟರಲ್ಲಿ ಕರೆಂಟು ಬಂತು.
ಇವರು ನನ್ನ ತುಟಿಯನ್ನೇ ನೋಡುತ್ತಿದ್ದರು.
ಕೋರಾ ಮಂಕರಿಯೊಳಗೆ ಹೋಗಿ ಕೂತು
ಮತ್ತೆ ಬಾಯಿ ತೆರೆಯಿತು.