ನೂರು ಎಣಿಸುವವಳು

ಮಂಗಳವಾರದ ರಕ್ತ ಗೊರ್ಗಾನಿನ ಈ ನೆಲಮಾಳಿಗೆಗೆ
ಹತ್ತೂವರೆಗೆ ಇಳಿದು ಬರುತ್ತದೆ.
ನೇರಳೆ ಮುಚ್ಚಳದ ಕೊಳವೆ, ಮೇಲೆ ಚೀಟಿ:
ಅನ್ನಗೆಲ್ದಿ, ಅರವತ್ತೇಳು, ಅನ್ನನಾಳ.
ಶುಕ್ರವಾರ ಬಂದವನು ಎಂದರ್ಥ ಆ ಹೆಸರಿಗೆ,
ನಮ್ಮ ತುರ್ಕ್‌ಮೆನ್ ಮಾತಿನಲ್ಲಿ.

ಯಂತ್ರ ನಿಮಿಷದೊಳಗೆ ಎಣಿಸಿ ಬಿಸಾಕುತ್ತದೆ.
ನಾನು ಹಳೇ ಕಾಲದವಳು:
ಗಾಜಿನ ಮೇಲೆ ಒಂದು ಹನಿ ಎಳೆದು, ಬಣ್ಣ ಹಾಕಿ, ಒಣಗಿಸಿ
ಒಂದು ಕಣ್ಣು ಮುಚ್ಚಿ ನೂರು ಎಣಿಸುತ್ತೇನೆ.
ಇವನು ನ್ಯೂಟ್ರೋಫಿಲ್. ಹರಿದು ಹಂಚಿಹೋದ ಬೀಜ,
ಎಲ್ಲಿ ಗಾಯ ಅಂದರೆ ಅಲ್ಲಿಗೆ ಮೊದಲು ಓಡುವ ಗದ್ದಲಗಾರ.
ಇವನು ಲಿಂಫೋಸೈಟ್. ದುಂಡಗೆ, ಮೈಯೆಲ್ಲ ಬೀಜವೇ,
ಒಮ್ಮೆ ಕಂಡ ಮುಖವನ್ನು ಮರೆಯದವನು.
ಅವರನ್ನು ಇವರಿಂದ ಭಾಗಿಸಬೇಕು.
ಬಂದ ಅಂಕಿ ಚಿಕ್ಕದಾದರೆ ಕಿರಣ ಕೈ ಹಿಡಿಯುತ್ತದೆ,
ದೊಡ್ಡದಾದರೆ ಅನುಮಾನ,
ಎನ್ನುತ್ತಾರೆ ಡಾಕ್ಟರ್ ಸೆಪೆಹ್ರಿ, ಅಂದಾಜು ಎಂಬ ಮಾತನ್ನು
ಎರಡು ಸಲ ಸೇರಿಸಿ.

ಒಂದು ದಿನ ಮೆಟ್ಟಿಲು ತಪ್ಪಿ ಕೆಳಗೆ ಬಂದ ಮುದುಕ.
ಕುರಿಯುಣ್ಣೆಯ ಟೋಪಿ, ಬೆಲ್ಟಿಗೆ ಹೊಸ ತೂತು.
ಗೊನ್ಬದ್ ಮೈದಾನದಲ್ಲಿ ನಲವತ್ತು ವರ್ಷ ಕುದುರೆ ಪಳಗಿಸಿದವನು,
ಸಮೋವಾರಿನ ಬಾಯಿಂದಲೇ ಚಹಾ ಕುಡಿದವನು.
ಈಗ ಆರಿದ ಚಹಾವೂ
ಗಂಟಲಿನ ಬಾಗಿಲು ತಟ್ಟಿ ಕಾಯುತ್ತದಂತೆ.

"ನನ್ನ ರೇಟು ಎಷ್ಟಕ್ಕೆ ನಿಂತಿದೆ, ಮಗಳೇ?"
ಹೇಳಬಾರದಿತ್ತು. ಹೇಳಿದೆ. ನಾಲ್ಕೂವರೆ ಚಿಲ್ಲರೆ.
ನಕ್ಕ, ಕೆಮ್ಮಿದ.
"ಅಂಥ ಕುದುರೆಗೆ ದುಡ್ಡು ಕಟ್ಟಿದ್ದೇನೆ ನಾನು.
ಒಂದು ಸಲ ಗೆದ್ದೆ, ಏಳು ಸಲ ನಡೆದು ಮನೆಗೆ ಹೋದೆ.
ಸುಳಿ ನೋಡಿ ಕೊಳ್ಳುವವರಿದ್ದಾರೆ, ಹಲ್ಲು ನೋಡಿ ಕೊಳ್ಳುವವರಿದ್ದಾರೆ.
ನಾನು ನೋಡುತ್ತಿದ್ದದ್ದು ಓಟ ಮುಗಿದ ಮೇಲಿನ ಉಸಿರು,
ಎಷ್ಟು ಬೇಗ ಇಳಿದು ಹದಕ್ಕೆ ಬರುತ್ತದೆ ಅಂತ."

ಇಪ್ಪತ್ತೆಂಟು ದಿನ ಎದೆಯ ನಡುವೆ ಬೆಳಕು.
ಗೆಡ್ಡೆಯ ಪಕ್ಕದಲ್ಲೇ ಹೃದಯ, ದೊಡ್ಡ ರಕ್ತನಾಳ;
ಪ್ರತಿ ಬಡಿತಕ್ಕೂ ರಕ್ತ ಸುತ್ತು ಹಾಕಿ
ಅದೇ ಬೆಳಕಿನ ಕೆಳಗೆ ಹಾದುಹೋಗಲೇಬೇಕು.
ಗದ್ದಲಗಾರರು ಹೇಗೋ ಓಡಿ ದಾಟುತ್ತಾರೆ.
ಮುಖ ಮರೆಯದವರು ಅಲ್ಲೇ ಮುಗ್ಗರಿಸುತ್ತಾರೆ.
ನೂರಕ್ಕೆ ಹದಿನೇಳು ಇದ್ದವರು ಹನ್ನೆರಡಾದರು,
ಎಂಟಾದರು.
ಆರನೇ ವಾರ ನಾಲ್ಕು.
ಇನ್ನೊಂದು ಗಾಜು ಎಳೆದೆ. ಎಣಿಸುವ ಕಣ್ಣಿಗೆ ಆಸೆ ಇರಬಾರದು,
ಗೊತ್ತು. ನಾಲ್ಕೇ.

ಆಮೇಲೆ ಕೊಳವೆ ಬರಲಿಲ್ಲ. ಹೊಲದ ಹತ್ತಿ ಬಿಡಿಸಿ ಆಯಿತು,
ನೌರೂಝ್ ಹೋಯಿತು, ಮೈಕ್ರೋಸ್ಕೋಪಿನ ಬಲ್ಬು ಎರಡು ಸಲ ಸುಟ್ಟಿತು.
ಅಧ್ಯಯನದ ಹಾಳೆಯಲ್ಲಿ ಕೊನೆಯ ಕಾಲಂ ಖಾಲಿ:
ಇದ್ದಾರೆ, ಇಲ್ಲ, ತಿಳಿಯದು.
ಒಂದಕ್ಕೆ ಗುರುತು ಹಾಕಿ ಅಂದರು.
ಓಟ ಮುಗಿದ ಮೇಲಿನ ಉಸಿರು ಇಳಿಯಿತೇ, ಹದಕ್ಕೆ ಬಂತೇ,
ಅದಕ್ಕೆ ಕಾಲಂ ಇಲ್ಲ.

ಫೋನ್ ಮಾಡಿದೆ. ಹದಿನಾಲ್ಕು ತಿಂಗಳಾಗಿತ್ತು.
ಆ ಕಡೆ ಗಾಳಿ, ಬಕೆಟ್ಟಿನ ಸದ್ದು,
ಯಾವುದೋ ಕುದುರೆ ಮೂಗು ಸೀನಿತು.
"ಅಜ್ಜ ಹೋದ," ಅಂದ ಒಬ್ಬ ಹುಡುಗ.
ಎಲ್ಲಿಗೆ, ಎಂದು ಕೇಳುವಷ್ಟರಲ್ಲಿ ಲೈನು ಕಡಿಯಿತು.

ಹೋದ.
ಇಷ್ಟು ಸಣ್ಣ ಮಾತಿನೊಳಗೆ
ಮೈದಾನವೂ ಇದೆ, ಮಣ್ಣೂ ಇದೆ.

ಗೋಡೆಯ ಕ್ಯಾಲೆಂಡರ್ ನೋಡಿದೆ. ಅವತ್ತು ಶುಕ್ರವಾರ,
ರಜೆಯ ದಿನ, ಗೊನ್ಬದಿನಲ್ಲಿ ಓಟದ ದಿನ.
ಪೆನ್ಸಿಲು ಕೆಳಗಿಟ್ಟೆ.
ನಾಳೆ ಮತ್ತೆ ಮಾಡುತ್ತೇನೆ,
ಕುದುರೆಗಳಿಗೆ ಹುಲ್ಲು ಹಾಕುವ ಹೊತ್ತಿಗೆ.