ಹನ್ನೊಂದನೆಯ ಅಧ್ಯಾಯ

ಥೆಸಲೊನೀಕಿ. ಗುರುವಾರ, ಮೂರನೆಯ ಪೀರಿಯಡ್.
ಕಿಟಕಿಯಾಚೆ ಬಂದರಿನ ಕ್ರೇನು
ಏನನ್ನೋ ಎತ್ತಿ ಮತ್ತೆ ಅಲ್ಲೇ ಇಡುತ್ತಿದೆ.
ಹನ್ನೆರಡರ ಪ್ರಾಯದ ಇಪ್ಪತ್ತಮೂರು ಮಂದಿ
ಬೆಂಚಿನಡಿ ಕಾಲು ತೂಗುತ್ತ ಕೂತಿದ್ದಾರೆ.
ನನ್ನ ಕೈಯಲ್ಲಿ ದುದೂನ್ ಅಮರಿಲ್ಯೊ
ಮುದುಕಿಯಾದ ಮೇಲೆ ಬರೆದ ಪುಸ್ತಕ.
ತೆಳ್ಳಗಿದೆ, ಅಂಗಡಿಯ ಉದ್ರಿ ಲೆಕ್ಕದಷ್ಟು.

ನಿನ್ನೆ ರಾತ್ರಿ ಅಡುಗೆಮನೆಯ ದೀಪದಡಿ
ಬೇಳೆಯಲ್ಲಿ ಕಲ್ಲು ಆರಿಸುವ ಹಾಗೆ
ಪುಟಪುಟವನ್ನೂ ಆರಿಸಿದೆ:
ಇದು ಓದಬಹುದು, ಇದು ಬೇಡ,
ಇದು ಓದಬಹುದು, ಆದರೆ ಮೆಲ್ಲಗೆ.
ಹನ್ನೊಂದನೆಯ ಅಧ್ಯಾಯಕ್ಕೆ ಎರಡು ಕ್ಲಿಪ್ಪು ಬಿಗಿದೆ.
ಆಮೇಲೆ ನೋಡಿದರೆ
ಮೊರದಲ್ಲಿ ಬೇಳೆಯೇ ಕಡಿಮೆ.

ಮೊದಲು ಅವಳ ಬೀದಿ ಓದಿದೆ.
ಅಪ್ಪನದು ಗುಂಡಿಗಳ ಅಂಗಡಿ.
ಚಿಪ್ಪಿನವು, ಮೂಳೆಯವು, ಹಿತ್ತಾಳೆಯವು,
ಡಬ್ಬಿ ಅಲುಗಿಸಿದರೆ ಸದ್ದಿನಲ್ಲೇ ಹೇಳುತ್ತಿದ್ದ
ಯಾವುದು ಯಾವುದೆಂದು.
ಮನೆಯೊಳಗೆ ಲದೀನೊ, ಬೀದಿಯಲ್ಲಿ ಗ್ರೀಕು,
ಜಗಳಕ್ಕೆ ಎರಡೂ.
ಶುಕ್ರವಾರದ ಬೊರೇಕಾ ಕದ್ದು
ನಾಲಿಗೆ ಸುಟ್ಟುಕೊಂಡು ಅಮ್ಮನಿಗೆ ಸಿಕ್ಕಿಬಿದ್ದದ್ದು.
ಕ್ಲಾಸು ನಕ್ಕಿತು. ನಗಲಿ.
ಮೊದಲು ಇವರ ಓರಗೆಯವಳಾಗಲಿ,
ಬೆಂಚಿನಲ್ಲಿ ಅವಳಿಗೂ ಜಾಗವಾಗಲಿ.

ಆಮೇಲೆ ನಕ್ಷತ್ರ.
ಕೋಟಿಗೆ ಹಳದಿ ನಕ್ಷತ್ರ ಹೊಲಿಯುವ ರಾತ್ರಿ
ಅಪ್ಪ ದಾರದ ಉಂಡೆಗಳನ್ನೆಲ್ಲ ಹರವಿ
ಬಣ್ಣ ಹೊಂದಿಸುತ್ತಿದ್ದನಂತೆ.
ಈ ಹಳದಿಯಲ್ಲ, ಅದರ ಪಕ್ಕದ್ದು ಕೊಡು.
ಯಾರೂ ನಗಲಿಲ್ಲ.

ಆಮೇಲೆ ಮಾರ್ಚ್. ಸ್ಟೇಶನ್ನಿನ ಪಕ್ಕದ ಗಲ್ಲಿಗಳಿಗೆ ಬೇಲಿ.
ಇದ್ದ ದ್ರಾಖ್ಮಾ ಎಲ್ಲ ಕೊಟ್ಟು ಅಪ್ಪ ತಂದದ್ದು
ಪೋಲೆಂಡಿನ ದುಡ್ಡು ಸಿಗುತ್ತದೆಂಬ ರಸೀದಿ.
ಅಲ್ಲಿ ಹೊಸ ಅಂಗಡಿ ಇಡಬೇಕಲ್ಲ?
ಒಂದು ಡಬ್ಬಿ ಗುಂಡಿಯನ್ನೂ ಕಟ್ಟಿಕೊಂಡ.
ಕ್ಲಿಪ್ಪು ಬಂತು. ಪುಸ್ತಕ ಮುಚ್ಚಿದೆ.

ಬೆಕ್ಕು ಏನಾಯಿತು? ಕೇಳಿದಳು ಫೆವ್ರೊನಿಯಾ.
ಪುಸ್ತಕದಲ್ಲಿಲ್ಲ.
ಅಂಗಡಿ ಯಾರ ಪಾಲಾಯಿತು?
ಇದೆ, ಆದರೆ ಹೆಸರಿಲ್ಲ.
ಹಿಂದಿನ ಬೆಂಚಿನಿಂದ ಲಾಂಬ್ರೊಸ್,
ಅವನ ತಾಯಿಯದು ಮದುವೆ ಕಾಗದದ ಪ್ರೆಸ್ಸು:
ಟೀಚರ್, ಆ ರಸೀದಿ ಅಚ್ಚು ಹಾಕಿದ್ದು ಯಾರು?
ಮೊಳೆ ಜೋಡಿಸುವಾಗ ಓದಲೇಬೇಕಲ್ಲ?

ಹೊಗೆಯ ಬಾಗಿಲಿಗೆ ಬೀಗ ಜಡಿದು ಕಾಯುತ್ತಿದ್ದೆ ನಾನು.
ಈ ಹುಡುಗ ಅಂಗಡಿಯ ಹಿತ್ತಿಲಿಂದ ಒಳಬಂದಿದ್ದ.

ಕಲ್ಲು ಎಂದೆನಲ್ಲ. ಈ ಊರಲ್ಲಿ
ಅವರ ಗೋರಿಕಲ್ಲು ಒಡೆದು ಅಂಗಳಕ್ಕೆ ಹಾಸಿದರು,
ಗೋಡೆಗೆ ಸೇರಿಸಿದರು.
ನಮ್ಮ ಹಿತ್ತಿಲಲ್ಲೂ ಒಂದಿತ್ತು, ಬಿಳಿ, ನುಣುಪು.
ಅದರ ಮೇಲೆ ಕುಂಟಾಬಿಲ್ಲೆ ಆಡಿದ್ದೇನೆ.
ಗೀರುಗಳು ಅಕ್ಷರವೆಂದು
ಯಾರೂ ಹೇಳಲಿಲ್ಲ. ಅಜ್ಜಿಗೆ ಗೊತ್ತಿತ್ತು.
ಅವಳೂ ಕ್ಲಿಪ್ಪು ಹಾಕಿದ್ದಳು.
ಇದನ್ನು ಲಾಂಬ್ರೊಸನಿಗೆ ಹೇಳಿದೆ.
ಹೇಳುವಾಗ ದನಿ ಸರಿ ಇರಲಿಲ್ಲ.

ಗಂಟೆ ಹೊಡೆಯಿತು. ಕ್ರೇನು ಊಟಕ್ಕೆ ನಿಂತಿತು.
ಎಲ್ಲ ಓಡಿದ ಮೇಲೆ ಅಸಿಮೀನಾ ಮಾತ್ರ ಮೇಜಿನ ಬಳಿ,
ಅಂಗೈಯಲ್ಲಿ ಎರಡು ಕ್ಲಿಪ್ಪು.
ಯಾವಾಗ ತೆಗೆದಳೋ.

ಹನ್ನೊಂದನೆಯ ಅಧ್ಯಾಯ ನಾಲ್ಕೇ ಸಾಲು:
ಇಳಿದೆವು. ಡಬ್ಬಿ ಕೆಳಗಿಡಲು ಅಪ್ಪನಿಗೆ ಹೇಳಿದರು.
ಅವರೆಲ್ಲ ಎಡಕ್ಕೆ, ನಾನು ಬಲಕ್ಕೆ.
ಯಾರದೋ ಕಾಲು ತಾಗಿ ಡಬ್ಬಿ ಉರುಳಿತು.
ಚಿಪ್ಪಿನವು, ಅಂದುಕೊಂಡೆ.
ಉಳಿದ ಪುಟ ಬಿಳಿ.

ಸೋಮವಾರದ ತನಕ ಒಯ್ಯಲೇ? ಎಂದಳು.
ರಿಜಿಸ್ಟರಿನಲ್ಲಿ ಹೆಸರು ಬರೆದೆ, ತಾರೀಕು ಬರೆದೆ.
ರಾತ್ರಿ ಒಬ್ಬಳೇ ಓದಬೇಡ, ಅಂದೆ.
ಮತ್ತೆ ಯಾರ ಜೊತೆ? ಅಂದಳು.
ಅಮ್ಮನ ಜೊತೆ, ಎನ್ನಲು ಹೊರಟವಳು
ಯಾರಾದರೂ ಸರಿ, ಅಂದೆ.
ಮೆಟ್ಟಿಲಲ್ಲಿ ನಿಂತು ಅವಳು ಕೋಟಿನ ಗುಂಡಿ ಹಾಕಿಕೊಂಡಳು.
ಒಂದು ತಪ್ಪಿತು. ಬಿಚ್ಚಿ, ಮೊದಲಿಂದ ಹಾಕಿಕೊಂಡಳು.